ತೀರ್ಥವಾದ ತಳದ ನೀರು

ಮುಂಬೈಗೆ ಬಂದು ನಾನು ಮೊದಲು ರುಚಿ ನೋಡಿದ್ದು ಜುಹೂ ಸಮುದ್ರವನ್ನಲ್ಲ, ದಕ್ಷಿಣ ಧ್ರುವದ ಸಮುದ್ರವನ್ನು. ಅದೂ ತೀರ್ಥ ಅಂತ, ಅಂಗೈಯಲ್ಲಿ. ಬಾಯಿಗಿಟ್ಟರೆ ಬರೀ ಉಪ್ಪು! ಥೂ ಎಂದು ಉಗುಳಿದೆ. ಊರಲ್ಲಿ ಕೂತು ಓದುವ ನಿಮಗೆ ನಗು ಬಂದೀತು, ನನಗೆ ಬರಲಿಲ್ಲ.

ನಾನಿರುವುದು ಭಾಂಡುಪ್‌ನ ಒಂದು ಖೋಲಿಯಲ್ಲಿ. ಕೋಣೆಗೆ ಇಲ್ಲಿ ಹಾಗನ್ನುತ್ತಾರೆ. ಕಿಟಕಿ ತೆಗೆದರೆ ಗಟಾರದ ನಾತ, ಮುಚ್ಚಿದರೆ ಬೆವರಿನ ನಾತ. ಧಾರವಾಡದಲ್ಲಿ ನಲ್ಲಿ ನೀರು ವಾರಕ್ಕೊಮ್ಮೆ ಬಂದರೂ ಕುಡಿಯುವಂತಿರುತ್ತಿತ್ತು. ಇಲ್ಲಿ ದಿನಾ ಬರುತ್ತದೆ, ಮೊದಲ ಕೊಡದಲ್ಲಿ ಜಿರಲೆಯ ಕಾಲು ತೇಲುತ್ತದೆ. ಈ ಖೋಲಿ ಕೊಡಿಸಿದವರು, ನನ್ನ ಮುರುಕು ಹಿಂದಿ ಕೇಳಿ ನಗದವರು, ತಮ್ಮ ಡಬ್ಬಿಯ ಕಟಕ್ ಜೋಳದ ರೊಟ್ಟಿಯಲ್ಲಿ ಪಾಲು ಕೊಟ್ಟವರು ಒಬ್ಬರೇ: ಪವಾಯಿಯ ನಮ್ಮ ಪ್ರಯೋಗಾಲಯದ ಮುಖ್ಯಸ್ಥರು, ವಿಜಯಪುರದ ಕಡೆಯವರು. “ಸರ್ ಅಂದ್ರ ಮಾತಾಡಂಗಿಲ್ಲ ನೋಡು, ಕಾಕಾ ಅನ್ನು” ಎಂದಿದ್ದರು.

ನಮ್ಮ ಕೆಲಸ ಇಷ್ಟು. ಧ್ರುವದ ಸಮುದ್ರ ಹೆಪ್ಪುಗಟ್ಟುವಾಗ ಮಂಜುಗಡ್ಡೆ ಉಪ್ಪನ್ನು ಹೊರಗೇ ಬಿಡುತ್ತದೆ. ಉಳಿದ ನೀರು ಉಪ್ಪಾಗಿ, ತಣ್ಣಗಾಗಿ, ಭಾರವಾಗಿ ತಳಕ್ಕಿಳಿದು ದೂರದೂರದ ಸಮುದ್ರಗಳ ಅಡಿಗೆಲ್ಲ ಹರಡುತ್ತದೆ. ಆ ಉಪ್ಪು ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಇಳಿಯುತ್ತಲೇ ಹೋದರೆ ನೀರು ಮುಳುಗುವುದೇ ಕಡಿಮೆಯಾದೀತು. ಹಡಗಿನವರು ತಳದಿಂದ ಎತ್ತಿ ತಂದ ನೀರಿನ ಉಪ್ಪನ್ನು ಅಳೆಯುವುದು ನನ್ನ ಪಾಲು. ಈ ವರ್ಷ ತಳದ್ದು ಒಂದೇ ಶೀಶೆ ಒಡೆಯದೆ ಬಂದಿತ್ತು.

ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ ನನ್ನ ಬಸ್ಸು ತಡವಾಯಿತು. ನಾನು ಪ್ರಯೋಗಾಲಯ ಮುಟ್ಟುವಷ್ಟರಲ್ಲಿ ಕಾಕಾ ಯಂತ್ರಗಳಿಗೆಲ್ಲ ಕುಂಕುಮ ಹಚ್ಚಿ, ಆ ಶೀಶೆಯ ನೀರನ್ನು ಎಲ್ಲರ ತಲೆಗೂ ಚಿಮುಕಿಸಿ, ಉಳಿದದ್ದನ್ನು ತೀರ್ಥ ಅಂತ ಹಂಚುತ್ತಿದ್ದರು! ನನ್ನ ಅಂಗೈಗೂ ಬಿತ್ತು. ಉಗುಳಿ ತಲೆ ಎತ್ತಿದಾಗಲೇ ನನಗೆ ಶೀಶೆ ಕಂಡದ್ದು. ಖಾಲಿಯಾಗಿತ್ತು, ಬಾಯಿಗೆ ಚೆಂಡುಹೂ ಸಿಕ್ಕಿಸಿದ್ದರು.

“ಕಾಕಾ, ಅದನ್ನಿನ್ನೂ ಅಳತಿ ಮಾಡಿರಲಿಲ್ರಿ!”

“ಮನಷ್ಯಾರ ಕೈ ಸೋಕಲಾರದ ನೀರ ಯವ್ವಾ, ಗಂಗಾ ನೀರಕಿಂತ ಪವಿತ್ರ. ಸಿಟ್ಟ್ಯಾಕ? ಹ್ವಾದ ವರ್ಷದ ಅಂಕಿನ ಹಾಕು, ಯಾರ ನೋಡ್ತಾರ?”

ಗಟಾರಕ್ಕೂ ಜಿರಲೆಗೂ ಹೇಗೋ ಹೊಂದಿಕೊಂಡಿದ್ದೆ; ಈ ಸುಳ್ಳು ಅಂಕಿಯ ಹೇಸಿಗೆಗೆ ಆಗಲಿಲ್ಲ. ವರದಿಯಲ್ಲಿ ಅಂಕಿಯ ಜಾಗ ಖಾಲಿ ಬಿಟ್ಟು, ‘ಪೂಜೆಗೆ ಬಳಸಿದ್ದರಿಂದ ಅಳೆಯಲಾಗಲಿಲ್ಲ’ ಎಂದು ಬರೆದು ಮೇಲಿನವರಿಗೆ ಕಳಿಸಿದೆ.

ಮರುದಿನ ಮಧ್ಯಾಹ್ನ ಎಂದಿನಂತೆ ಡಬ್ಬಿ ಹಿಡಿದು ಅವರ ಮೇಜಿಗೆ ಹೋದೆ. ಅವರು ತಲೆ ಎತ್ತಲಿಲ್ಲ.

“ಮೇಡಂ, ಕುಛ್ ಕಾಮ್ ಹೈ?”

‘ಏನಿಲ್ಲ ಕಾಕಾ’ ಎಂಬುದು ಬಾಯಿವರೆಗೆ ಬಂತು. ನುಂಗಿದೆ.

“ನಹೀ, ಸರ್.”

ಹಾಳಾದ್ದು, ಈ ಊರಲ್ಲಿ ನಾನು ತಡವರಿಸದೆ ಆಡಿದ ಮೊದಲ ಹಿಂದಿ ಅದೇ.