ತಾತನಿಗಾಗಿ ಬರೆದ ಹುಲಿಮನೆ

ಇವತ್ತು ಹಾಸನದ ಕಾಲೇಜೊಂದರಲ್ಲಿ ನನ್ನ ಕೆಲಸದ ಬಗ್ಗೆ ಮಾತಾಡಲು ಕರೆದಿದ್ದರು. ನಾನು ಮೊಬೈಲ್ ಗೇಮ್‌ಗಳನ್ನು ರೂಪಿಸುವವಳು. ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಬಂದು, "ಮೇಡಂ, ಗೇಮ್ ಮಾಡೋಕೆ ಏನು ಓದ್ಬೇಕು?" ಎಂದಳು. ಅವಳ ಬೆರಳಿಗೆಲ್ಲ ಚಿತ್ರ ಬರೆಯುವ ಇದ್ದಿಲಿನ ಮಸಿ ಮೆತ್ತಿತ್ತು. ಅದನ್ನು ನೋಡಿ ರಾಮನಾಥಪುರದ ನಮ್ಮ ಜಗಲಿ ನೆನಪಾಯಿತು.

ನಾನಾಗ ಚಿಕ್ಕವಳು. ತಾತನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಹೊಗೆಸೊಪ್ಪು ಬೇಯಿಸುವ ಗೂಡಿನ, ಅಂದರೆ ಬ್ಯಾರನ್ನಿನ, ಬೆಂಕಿ ಕಾಯುತ್ತಿದ್ದ ಮನುಷ್ಯ ಈಗ ದಿನವಿಡೀ ಗೋಡೆಗೊರಗಿ ಕೂತಿರುತ್ತಿದ್ದರು. ನಾನು ಒಲೆಯ ಇದ್ದಿಲು ತಂದು ಜಗಲಿಯ ಮೇಲೆ ಹುಲಿ-ಕುರಿ ಆಟದ ಮನೆ ಬರೆದೆ. ಅವರ ಎಡಗೈ ನಡುಗಿ, ಕಾಯಿಗಳಾಗಿ ಇಟ್ಟಿದ್ದ ಹುಣಸೆ ಬೀಜಗಳೆಲ್ಲ ಚೆಲ್ಲಾಪಿಲ್ಲಿಯಾದವು. ಮರುದಿನ ಜಗಲಿಯ ತುಂಬ ದೊಡ್ಡ ಮನೆ ಬರೆದು, ಬೀಜದ ಬದಲು ಮುಷ್ಟಿಗಾತ್ರದ ಕಲ್ಲುಗಳನ್ನಿಟ್ಟೆ. ತಾತ ಆಡಿದರು, ಸೋತರು. ಪಾಪವೆನಿಸಿ, ಮುಂದಿನ ಆಟದಲ್ಲಿ ನನ್ನ ಹುಲಿಗಳನ್ನು ಬೇಕೆಂದೇ ತಾತನ ಕುರಿಗಳ ನಡುವೆ ಸಿಕ್ಕಿಸಿ ಸೋತೆ.

ತಾತ ಕಲ್ಲನ್ನು ಕೆಳಗಿಟ್ಟರು. "ನನ್ನ ಗೆಲ್ಲಿಸ್ಬ್ಯಾಡ ಕಣವ್ವ," ಎಂದು ತೊದಲಿದರು. "ಆಡಾಕ್ ಬುಡು. ಅಷ್ಟೇ ಸಾಕು."

ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ಅವರು ತೀರಿಹೋಗುವವರೆಗೂ ದಿನಾ ಆಡಿದೆವು. ನಾನು ಮತ್ತೆಂದೂ ಬಿಟ್ಟುಕೊಡಲಿಲ್ಲ. ಎರಡು ಸಲ ತಾತ ನಿಜವಾಗಿ ಗೆದ್ದರು. ಕಂಪ್ಯೂಟರ್ ಕಲಿತದ್ದು ಆಮೇಲೆ, ಆಟ ಕಟ್ಟುವುದನ್ನು ಕಲಿತದ್ದು ಅಲ್ಲೇ.

ಹುಡುಗಿಗೆ ಕೋರ್ಸುಗಳ ಹೆಸರು ಬರೆದುಕೊಟ್ಟೆ. ನಂತರ, "ನಿಮ್ಮನೇಲಿ ಆಟ ಆಡೋಕೆ ಆಗ್ದೇ ಇರೋರು ಯಾರಾದ್ರೂ ಇದ್ದಾರಾ?" ಎಂದು ಕೇಳಿದೆ.

ಅವಳು ಕೋರ್ಸುಗಳ ಚೀಟಿಯನ್ನು ಮಡಚಿಕೊಂಡಳು.

"ನಮ್ಮಮ್ಮ ಅವ್ರೆ ಮೇಡಂ," ಎಂದಳು. "ಕಣ್ಣು ಕಾಣಲ್ಲ. ಆಟ ಆಡ್ತೀಯಾ ಅಂತ ಇದುವರ್ಗೂ ನಾನು ಕೇಳೇ ಇಲ್ಲ."