ಎಲ್ಲರ ಚೀಟಿಯಲ್ಲೂ ಎರಡನೆಯವಳು

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಜೊತೆಗೇ ದುಡಿಯುತ್ತಿದ್ದ ತಂಗಿಯ ಬಲಗೈಯ ಎರಡು ಬೆರಳುಗಳನ್ನು ಹಾಸುಬಟ್ಟೆ ಒತ್ತುವ ರೋಲರ್ ನುಂಗಿಹಾಕಿದ ಮೇಲೆ ಅಕ್ಕನಿಗೆ ಒಂದೇ ಹಟ: ಆ ಯಂತ್ರದ ಬಾಯಿಗೊಂದು ಅಡ್ಡಕಂಬಿ ಹಾಕಿಸಬೇಕು. ಅದನ್ನು ಕೇಳಿ ಪಡೆಯಬೇಕಾದವನು ಕೆಲಸಗಾರರ ಸಂಘದ ಕಾರ್ಯದರ್ಶಿ. ಆ ಕುರ್ಚಿಯಲ್ಲಿದ್ದವನು ವ್ಯಾನ್ ಡ್ರೈವರ್. ಮ್ಯಾನೇಜರನ ಮುಂದೆ ಬಾಲ ಅಲ್ಲಾಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

"ನೋಡ್ಕೊಂಡು ಕೆಲಸ ಮಾಡಿದ್ರೆ ಕಂಬಿ ಯಾಕೆ ಬೇಕು?" ಎಂದುಬಿಟ್ಟಿದ್ದ.

ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅವನು ಬೇಡವಾಗಿದ್ದ. ಆದರೂ ಪ್ರತಿ ಸಲ ಅವನೇ ಗೆಲ್ಲುತ್ತಿದ್ದ. ಬೇಡ ಎನ್ನುವವರ ಓಟು ಅಕ್ಕನಿಗೂ ಬಾಯ್ಲರ್ ನೋಡಿಕೊಳ್ಳುವವನಿಗೂ ಹಂಚಿಹೋಗುತ್ತಿತ್ತು. ಅಕ್ಕ ಸಭೆಸಭೆಯಲ್ಲೂ ಗಂಟಲು ಹರಿದುಕೊಂಡು ಹೊಸ ಪದ್ಧತಿ ತರಿಸಿದಳು. ಒಬ್ಬರಿಗೇ ಗುರುತು ಹಾಕುವ ಬದಲು ಮೂವರಿಗೂ ಒಂದು, ಎರಡು, ಮೂರು ಎಂದು ಬರೆಯಬೇಕು. ಯಾರ ಓಟೂ ಅರ್ಧ ದಾಟದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರಿಗೆ ಒಂದು ಬರೆದಿದ್ದ ಚೀಟಿಗಳನ್ನು ಅವುಗಳಲ್ಲಿ ಎರಡು ಪಡೆದವರಿಗೆ ಸೇರಿಸಬೇಕು.

"ನಿಮ್ಮೋರು ಸೋತ್ರೂ ನಿಮ್ಮ ಓಟು ದಂಡ ಆಗಲ್ಲ," ಎಂದು ಬಟ್ಟೆ ಮಡಚುತ್ತಲೇ ಎಲ್ಲರಿಗೂ ಬಿಡಿಸಿ ಹೇಳಿದಳು.

ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವುದಕ್ಕೆ ಖರ್ಚೇನು? "ನಮ್ಮ ಚೀಟಿಲಿ ನೀವಂತೂ ಇದ್ದೇ ಇರ್ತೀರಿ ಅಕ್ಕಾ," ಎಂದರು. ಇದ್ದಳು, ಸುಳ್ಳಲ್ಲ. ಡ್ರೈವರ್ ಕಡೆಯವರು ಅವನಿಗೆ ಒಂದು ಬರೆದು ಅಕ್ಕನಿಗೆ ಎರಡು ಬರೆದರು. ಬಾಯ್ಲರ್‌ನವನ ಕಡೆಯವರೂ ಹಾಗೇ. ಅಕ್ಕ ಎಲ್ಲರಿಗೂ ಬೇಕಾಗಿದ್ದಳು, ಆದರೆ ಮೊದಲು ಬೇಕಾದದ್ದು ಕೆಲವರಿಗೆ ಮಾತ್ರ.

ಎಣಿಕೆಯಲ್ಲಿ ಯಾರೂ ಅರ್ಧ ದಾಟಲಿಲ್ಲ. ಅವಳು ಬಾಯ್ಲರ್‌ನವನಿಗಿಂತ ಒಂದೇ ಓಟು ಹಿಂದೆ ಬಿದ್ದು ಕೊನೆಯವಳಾದಳು. ಕೈಬಿಟ್ಟದ್ದೂ ಅವಳನ್ನೇ. ಬೇರೆಯವರ ಚೀಟಿಗಳಲ್ಲಿ ಅವಳಿಗಾಗಿ ಬರೆದಿದ್ದ ಎರಡುಗಳನ್ನು ನೋಡುವ ಪ್ರಸಂಗವೇ ಬರಲಿಲ್ಲ. ಅವಳ ಬದಲು ಬಾಯ್ಲರ್‌ನವನು ಹೊರಬಿದ್ದಿದ್ದರೆ ಅವನ ಚೀಟಿಗಳೆಲ್ಲ ಬಂದು ಅವಳೇ ಗೆಲ್ಲುತ್ತಿದ್ದಳು. ಈಗ ಅವಳ ಚೀಟಿಗಳೇ ಆ ಇಬ್ಬರಿಗೆ ಹಂಚಿಹೋಗಿ ಡ್ರೈವರ್ ಅರ್ಧ ದಾಟಿದ.

"ಅಕ್ಕನ ಪದ್ಧತಿ ಬಲು ಚೆನ್ನಾಗಿದೆ. ಇನ್ಮೇಲೆ ನನ್ನನ್ನ ಬೇಡವಾದವನು ಅನ್ನೋ ಹಾಗಿಲ್ಲ," ಎಂದು ಎಲ್ಲರೆದುರು ಹಲ್ಲು ಕಿರಿದ.

ಮನೆಗೆ ಬಂದ ತಂಗಿ ಕುದಿಯುತ್ತಿದ್ದಳು. "ಒಂದೇ ಒಂದು ಓಟು ಅಕ್ಕಾ. ನಿನ್ನ ಕಡೆಯೋರು ಅಂದ್ಕೊಂಡೋರಲ್ಲಿ ಯಾವ ಮನೆಹಾಳ ಕೈಕೊಟ್ಟ?"

ಅಕ್ಕ ತಂಗಿಯ ತಟ್ಟೆಗೆ ಬಡಿಸುತ್ತಿದ್ದಳು. ತನ್ನದು ಎಂದಿನಂತೆ ಆಮೇಲೆ.

"ನನ್ನ ಹೆಸರಿಗೆ ನಾನೇ ಒಂದು ಬರ್ಕೊಳ್ಳೋಕೆ ನಾಚಿಕೆ ಆಯ್ತು ಕಣೆ," ಎಂದಳು. "ಬಾಯ್ಲರ್‌ನೋನಿಗೆ ಒಂದು ಬರ್ದು, ನನಗೆ ಎರಡು ಹಾಕ್ಕೊಂಡೆ."

ತಂಗಿ ಬೈಯಲಿಲ್ಲ. ಬೈದಿದ್ದರೆ ಅಕ್ಕನಿಗೆ ಅಷ್ಟಾದರೂ ಹಗುರವಾಗುತ್ತಿತ್ತು. ಬಲಗೈಯಲ್ಲಿ ಉಳಿದಿದ್ದ ಮೂರು ಬೆರಳುಗಳಿಂದ ಅವಳು ತಟ್ಟೆಯನ್ನು ಅಕ್ಕನ ಕಡೆಗೆ ತಳ್ಳಿದಳು.

"ಇವತ್ತಾದ್ರೂ ನೀನು ಮೊದ್ಲು ತಿನ್ನು. ನಾಳೆ ಬೆಳಗ್ಗೆ ಇಬ್ರೂ ರೋಲರ್ ಮುಂದೆ ನಿಂತ್ಕೋಬೇಕಲ್ಲ."