ಬಚ್ಚಲುಮನೆಯಲ್ಲಿ ಹೂಜಿಗಿಡ ಬೆಳೆಸಿದ ನಮ್ಮ ಗಿರಿಜಕ್ಕ

ಇಲ್ಲ... ಇನ್ನೂ ನಂಬೋಕಾಗುತ್ತಿಲ್ಲ.

ಬೆಳಗ್ಗೆ ಆಫೀಸಿನಿಂದ ಫೋನ್ ಬಂದಾಗ "ಯಾವ ಗಿರಿಜಕ್ಕ?" ಅಂತ ಎರಡು ಸಲ ಕೇಳಿದೆ.
ನನಗಿರುವುದು ಒಬ್ಬರೇ ಗಿರಿಜಕ್ಕ. ಆದರೂ ಕೇಳಿದೆ...

ಹಾರ್ಟ್ ಅಟ್ಯಾಕ್ ಅಂತೆ.
ಶನಿವಾರ ತಾನೇ "ಹೊಸ ಹೂಜಿ ಬಿಟ್ಟಿದೆ, ಬಂದು ನೋಡ್ಕೊಂಡು ಹೋಗೋ" ಅಂದಿದ್ದರು.
ಬರ್ತೀನಕ್ಕ ಅಂದೆ. ಹೋಗಲಿಲ್ಲ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ...
ಅರಸೀಕೆರೆಯ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಕೌಂಟರಿನಲ್ಲಿ ಇದ್ದವರು ಗಿರಿಜಕ್ಕ. ಪಕ್ಕದ ಕೌಂಟರ್ ನನ್ನದು.
ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ಅವರ ಹೆಸರಿಗೇ ಒಂದು ಪಾರ್ಸೆಲ್ ಬಂತು. ಶಿಲ್ಲಾಂಗ್ ಕಡೆಯಿಂದ.
ಬಿಸ್ಕತ್ ಡಬ್ಬಿ. ಒಳಗೆ ಒದ್ದೆ ಪಾಚಿ. ಪಾಚಿಯೊಳಗೆ ಒಂದು ಗೇಣುದ್ದದ ಗಿಡ!

ಹೂಜಿಗಿಡ. ಎಲೆಯ ತುದಿಯಲ್ಲಿ ಪುಟ್ಟ ಹೂಜಿ, ಅದಕ್ಕೊಂದು ಮುಚ್ಚಳ. ಒಳಗೆ ಜಾರಿ ಬಿದ್ದ ಹುಳ ಅದರ ಊಟ.
ಅಲ್ಲಿನ ನರ್ಸರಿಯವರಿಗೆ ಆರು ತಿಂಗಳು ಪತ್ರ ಬರೆದು ಬರೆದು ತರಿಸಿದ್ದರು.

ಆಫೀಸೆಲ್ಲ ನಕ್ಕಿತು. "ಭಾನುವಾರ ಬಿರಿಯಾನಿ ಹಾಕ್ತೀರಾ ಮೇಡಂ?"
ನಕ್ಕವರಲ್ಲಿ ನಾನೂ ಒಬ್ಬ...
ಆದರೆ ಗಿರಿಜಕ್ಕ ಅಂದರೆ ಆನೆ ನಡೆದದ್ದೇ ದಾರಿ.

ನಮ್ಮ ಬೋರ್‌ವೆಲ್ ನೀರು ಗಡಸು, ಆ ಗಿಡಕ್ಕೆ ಆಗದು. ಮಾಳಿಗೆಯ ಮೇಲೆ ಡ್ರಮ್ ಇಟ್ಟು ಮಳೆನೀರು ಹಿಡಿದರು.
ಮಣ್ಣೂ ಆಗದು. ಯಜಮಾನರದು ಕೊಬ್ಬರಿ ವ್ಯಾಪಾರ, ಮನೆಯಲ್ಲಿ ತೆಂಗಿನನಾರಿನ ಪುಡಿಗೆ ಏನು ಬರ? ಏಳು ಸಲ ತೊಳೆದು ಅದನ್ನೇ ಕುಂಡಕ್ಕೆ ತುಂಬಿದರು.

ಸಮಸ್ಯೆ ಗಿಡದ್ದಲ್ಲ. ಅತ್ತೆಯದು.
"ಲಿಂಗ ಕಟ್ಕೊಂಡಿರೋ ಮನೆ ಇದು. ಜೀವ ತಿನ್ನೋದು ಹೊಸ್ತಿಲು ದಾಟಂಗಿಲ್ಲ!"
ಗಿಡ ಹೊರಗೆ ಜಗಲಿಯ ಮೇಲೆ ಉಳಿಯಿತು.

ಆ ಜಗಲಿಯ ಮೇಲೆ ಇನ್ನೊಬ್ಬನೂ ಕೂರುತ್ತಿದ್ದ. ನಾನು.
ನಮ್ಮದು ಜಾವಗಲ್ ಕಡೆಯ ಬೌದ್ಧ ಕುಟುಂಬ. ನಾನು ಯಾವ ಕೇರಿಯವನು ಅಂತ ಅತ್ತೆಗೆ ಗೊತ್ತಿತ್ತು. ನನ್ನ ಕಾಫಿ ಜಗಲಿಗೇ ಬರುತ್ತಿತ್ತು.
ಗಿರಿಜಕ್ಕ ತಮ್ಮ ಲೋಟವನ್ನೂ ಹೊರಗೆ ತಂದು ನನ್ನ ಪಕ್ಕದಲ್ಲೇ ಕುಡಿಯುತ್ತಿದ್ದರು.

ಒಂದು ದಿನ ನೋಡಿದರೆ ಹೂಜಿಗಳೆಲ್ಲ ಕಪ್ಪಾಗಿ ಕೊಳೆತು ನಾರುತ್ತಿವೆ...
ಅತ್ತೆ ವಾರದಿಂದ ಚಮಚದಲ್ಲಿ ಒಂದೊಂದು ಹೂಜಿಗೂ ಹಾಲು-ಅನ್ನ ತಿನ್ನಿಸಿದ್ದರು!
"ಹಸಿವಾದ್ರೆ ತಾನೆ ಹುಳ ತಿನ್ನೋದು? ಹೊಟ್ಟೆ ತುಂಬಿದ್ರೆ ಯಾಕ್ ತಿಂತೈತೆ?"

ನನಗೆ ಸಿಟ್ಟು ಬಂತು. ಗಿರಿಜಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಆಫೀಸಿಗೆ ಬಂದು ಪಾರ್ಸೆಲ್ ಮೂಟೆಗಳ ಹಿಂದೆ ಹೋಗಿ ನಿಜವಾಗಿಯೂ ಅತ್ತರು.
"ಬೈಯೋಕಾಗುತ್ತೇನೋ? ಊಟ ಹಾಕಿದ್ದಾರೆ ಕಣೋ, ಪಾಪ..."

ಕೊಳೆತದ್ದನ್ನೆಲ್ಲ ಕತ್ತರಿಸಿದ ಮೇಲೆ ಉಳಿದದ್ದು ಒಂದೇ ಚಿಗುರು.
ಅಷ್ಟರಲ್ಲಿ ಏಪ್ರಿಲ್. ನಮ್ಮೂರಿನ ಒಣಗಾಳಿ ಗೊತ್ತಲ್ಲ... ಎಲೆಯ ಅಂಚು ಸುಡತೊಡಗಿತು. ಅದಕ್ಕೆ ಬೇಕಾದ ತೇವ ಇದ್ದದ್ದು ಒಂದೇ ಕಡೆ. ಮನೆಯೊಳಗೆ, ಹಂಡೆ ಕಾಯುವ ಬಚ್ಚಲುಮನೆಯ ಕಿಟಕಿಯಲ್ಲಿ.

ಗಿರಿಜಕ್ಕಾ... ಆ ದಿನ ನೆನಪಿದೆಯಾ ನಿಮಗೆ?
ಸೆರಗು ಸಿಕ್ಕಿಸಿಕೊಂಡು ಅತ್ತೆಯ ಎದುರು ನಿಂತಿರಿ.
"ಗಿಡ ಒಳಗೆ ಬರುತ್ತೆ ಅತ್ತೆ. ಹೊರಗಿದ್ರೆ ಸಾಯುತ್ತೆ. ಕುಂಡ ಹಿಡಿಯೋಕೆ ಇಬ್ಬರು ಬೇಕು, ಲೋಕೇಶನೂ ಬರ್ತಾನೆ."

ಅಕ್ಕಾ, ಆ ಕುಂಡ ಒಂದು ಕೈಯಲ್ಲಿ ಎತ್ತುವಷ್ಟಿತ್ತು!
ಅತ್ತೆಗೂ ಕಣ್ಣಿತ್ತು. ಕುಂಡ ನೋಡಿದರು, ನನ್ನನ್ನು ನೋಡಿದರು, ನಿಮ್ಮನ್ನು ನೋಡಿದರು.
ಆಮೇಲೆ ಹೇಳಿದ್ದು ಇಷ್ಟೇ. "ಕಾಲ್ ತೊಳ್ಕೊಂಡ್ ಬಾಪ್ಪ."
ಮನೆಗೆ ಬಂದ ಎಲ್ಲರಿಗೂ ಹೇಳುವ ಮಾತು. ನನಗೆ ಅವತ್ತೇ ಮೊದಲು.
ನೀವು ಅದರ ಬಗ್ಗೆ ಮುಂದೆ ಯಾವತ್ತೂ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಇವತ್ತು ಎಲ್ಲರೆದುರು ಹೇಳುತ್ತಿದ್ದೇನೆ, ಬೈಯಬೇಡಿ.

ಗಿಡ ಬದುಕಿತು. ಬದುಕಿದ್ದೇನು, ಕಿಟಕಿ ತುಂಬಿತು!
ಅಂಗೈಯಷ್ಟು ಉದ್ದದ ಹೂಜಿಗಳು. ನೀವು ಕಡ್ಡಿ ಕತ್ತರಿಸಿ ಕೊಟ್ಟ ಗಿಡಗಳು ಹಗರೆಯಲ್ಲಿ, ಹಳೇಬೀಡಿನಲ್ಲಿ, ಬೇಲೂರಿನಲ್ಲಿ ಇವತ್ತೂ ನೇತಾಡುತ್ತಿವೆ.
ಶಿಲ್ಲಾಂಗಿನವರೇ ಪತ್ರ ಬರೆದು ಕೇಳಿದರು, ಆ ಬಿಸಿಲೂರಿನಲ್ಲಿ ಹೇಗೆ ಉಳಿಸಿದಿರಿ ಅಂತ!
ಮೇಷ್ಟ್ರು ಸ್ಕೂಲ್ ಮಕ್ಕಳನ್ನು ಸಾಲಾಗಿ ಕರೆತಂದು ಬಚ್ಚಲುಮನೆ ತೋರಿಸಿದ ಮನೆ ಈ ತಾಲ್ಲೂಕಿನಲ್ಲಿ ಇನ್ನೊಂದಿದ್ದರೆ ಹೇಳಿ ನೋಡೋಣ.
ಗೈಡ್ ಯಾರು? ಅತ್ತೆಯೇ. "ಬರೀ ಸೊಳ್ಳೆ ತಿಂತೈತೆ ಕಣ್ರಪ್ಪ, ಅದೇನ್ ಪಾಪ ಅಲ್ಲ..."
ಇಂಥವರ ಪಕ್ಕದ ಕೌಂಟರಿನಲ್ಲಿ ಹನ್ನೊಂದು ವರ್ಷ ಕೂತಿದ್ದೆ ಅನ್ನೋದು ನನ್ನ ಹೆಮ್ಮೆ.

ಮಧ್ಯಾಹ್ನ ಮನೆಗೆ ಹೋಗಿದ್ದೆ. ಅಂಗಳ ತುಂಬಾ ನೆಂಟರು. ನಾನು ಹಿಂದೆ, ಗೇಟಿನ ಹತ್ತಿರ ನಿಂತೆ.
ಯಾರೋ ಹಿರಿಯರು ಕೂಗಿದರು. "ತವರಿನೋರು ಯಾರ್ ಬಂದವ್ರೆ? ಮೊದಲ್ನೇ ಹೂವು ಅವ್ರೇ ಹಾಕ್ಬೇಕು."
ತವರಿನವರು ಯಾರೂ ಇರಲಿಲ್ಲ. ಗಿರಿಜಕ್ಕ ಒಬ್ಬಳೇ ಮಗಳು, ಅಪ್ಪ-ಅಮ್ಮ ಹೋಗಿ ಎಷ್ಟೋ ವರ್ಷವಾಯಿತು.
ಆಗ ಸೊಸೆಯ ತಲೆಯ ಬಳಿ ಕೂತಿದ್ದ ಅತ್ತೆ ಎದ್ದು ನಿಂತರು. ಇಡೀ ಅಂಗಳ ಒಮ್ಮೆ ಹುಡುಕಿದರು.
"ಅಗೋ, ಗೇಟ್ ತಾವ ನಿಂತವ್ನೆ. ಅವ್ನೇ ತವರಿನೋನು. ದಾರಿ ಬಿಡ್ರಿ ಅವ್ನಿಗೆ."

ಹೂವು ಹಾಕಿ ಬಂದೆ ಅಕ್ಕಾ...

ಹೋಗಿ ಬನ್ನಿ. ನಿಮ್ಮ ಜೀವ ತಣ್ಣಗಿರಲಿ, ನೆಮ್ಮದಿಯಾಗಿರಲಿ.

ನಿಮ್ಮ ತವರಿನವನು,
ಲೋಕೇಶ